ನಲಿ-ಕಲಿಯ ಶಿಸ್ತು ಮತ್ತು ನಾಲ್ಕನೇ ತರಗತಿ

ಮಕ್ಕಳ ಹೊತ್ತು, ಕೂರುವ ಜಾಗ, ಮಾತು, ಓಡಾಟಗಳನ್ನು ಕಲಿಕೆಗೆ ಹೊಂದಿಸಿಕೊಳ್ಳುವ ಕೆಲಸಕ್ಕೆ ತರಗತಿ ನಿರ್ವಹಣೆ ಎಂದು ಹೆಸರು. ರೂಢಿಯಲ್ಲಿ ಮಾತ್ರ ಅದು ಗದ್ದಲ ಅಡಗಿಸುವ ವಿದ್ಯೆಯಾಗಿಯೇ ಉಳಿದಿದೆ. ಈ ರೂಢಿಗೆ ಸರ್ಕಾರಿ ಶಾಲೆಯ ಒಳಗಿನಿಂದಲೇ ಬಂದ ಗಟ್ಟಿ ಉತ್ತರ ನಲಿ-ಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗಳಿಗೂ ಬಳಿಕ 3ನೇ ತರಗತಿಗೂ ವಿಸ್ತರಿಸಿ, ವಿಜಯಪುರ ನಗರಕ್ಕೂ ತಿಕೋಟಾ, ಬಬಲೇಶ್ವರದ ಹಳ್ಳಿಗಳಿಗೂ ತಲುಪಿತು.

ಇಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಪಾಠವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಗೋಡೆಗೆ ತೂಗುಹಾಕಿದ ಪಟಕ್ಕೆ ಕಲಿಕಾ ಏಣಿ ಎನ್ನುತ್ತಾರೆ. ಮಗು ಅದರಲ್ಲಿ ತಾನಿರುವ ಮೆಟ್ಟಿಲನ್ನು ಹುಡುಕಿ, ಅದೇ ಚಿತ್ರವೂ ಸಂಖ್ಯೆಯೂ ಇರುವ ಕಾರ್ಡನ್ನು ತಾನೇ ಎತ್ತಿಕೊಂಡು, ಶಿಕ್ಷಕರ ನೆರವಿನ ಗುಂಪಿಗೋ ಗೆಳೆಯರ ನೆರವಿನ ಗುಂಪಿಗೋ ಸ್ವಕಲಿಕೆಯ ಗುಂಪಿಗೋ ಹೋಗಿ ಕೂರುತ್ತದೆ. ಮುಂದೇನು ಮಾಡಬೇಕೆಂದು ಆರು ವರ್ಷದ ಮಗುವಿಗೇ ಗೊತ್ತಿರುವುದರಿಂದ 'ಗಪ್ ಕೂಡ್ರಿ' ಎಂಬ ಗದರಿಕೆಗೆ ಕೆಲಸವೇ ಉಳಿಯುವುದಿಲ್ಲ, ಶಿಸ್ತು ಕೋಣೆಯ ಏರ್ಪಾಟಿನಲ್ಲೇ ಅಡಗಿರುತ್ತದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮ ಈ ನಾಡಿಗೆ ಹೊಸದೂ ಅಲ್ಲ. ನಮ್ಮ ಹಳೆಯ ಮಠದ ಶಾಲೆಗಳಲ್ಲಿದ್ದ ಇಂಥದೇ ಕ್ರಮವನ್ನು ಆಂಡ್ರ್ಯೂ ಬೆಲ್ 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನಲ್ಲಿ ಅಳವಡಿಸಿಕೊಂಡು ಇಂಗ್ಲೆಂಡಿಗೆ ಒಯ್ದಿದ್ದನು.

ವಿಜಯಪುರದ ಸೀಮೆಗೆ ಈ ಪದ್ಧತಿ ಹೊಂದುವುದಕ್ಕೆ ಬೇರೊಂದು ಕಾರಣವೂ ಇದೆ. ಇಲ್ಲಿಯ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು ಮರಳುತ್ತಾರೆ. ಪಠ್ಯಪುಸ್ತಕ ಇವರನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಏಣಿಯಾದರೋ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಗೊಡುತ್ತದೆ. ಮನೆಯಲ್ಲಿ ಲಂಬಾಣಿಯನ್ನೋ ಮರಾಠಿಯನ್ನೋ ಉರ್ದುವನ್ನೋ ಆಡುವ ಮಗು ಶಿಕ್ಷಕರ ಸೂಚನೆಯನ್ನು ಪೂರ್ತಿ ಹಿಡಿಯದಿದ್ದರೂ ಕಾರ್ಡಿನ ಚಿತ್ರವನ್ನು ಹಿಡಿಯುತ್ತದೆ.

ಹಾಗೆಂದು ಪದ್ಧತಿ ನಿರ್ದೋಷವೇನಲ್ಲ. ಒಬ್ಬರೇ ಶಿಕ್ಷಕರಿರುವ ಕೋಣೆಯಲ್ಲಿ ಅವರ ನೆರವು ಬೇಕಾದ ಗುಂಪು ದೊಡ್ಡದಾದಷ್ಟೂ ಉಳಿದ ಗುಂಪುಗಳ ಸ್ವಕಲಿಕೆ ಬರೀ ಕಾಯುವಿಕೆಯಾಗುತ್ತದೆ, ಕಾಯುವ ಮಗುವೇ ಗದ್ದಲ ಎಬ್ಬಿಸುತ್ತದೆ. ಮಗುವಿನ ಏರಿಕೆಯನ್ನು ಗುರುತಿಸುವ ಪ್ರಗತಿನೋಟ ಮೇಲಧಿಕಾರಿಗಳಿಗೆ ತೋರಿಸುವ ದಾಖಲೆಯಾದಾಗ ಕಾರ್ಡು ಮುಗಿದರೂ ಓದು ಬಂದಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ 4ನೇ ತರಗತಿಯಲ್ಲಿ ಎದುರಾಗುತ್ತದೆ. ಮೂರು ವರ್ಷ ತನ್ನ ಕೆಲಸವನ್ನು ತಾನೇ ಆರಿಸಿಕೊಂಡ ಮಗು ಒಂದೇ ಬೇಸಿಗೆ ರಜೆಯ ಅಂತರದಲ್ಲಿ ಸಾಲು, ಗಂಟೆ, ಪಠ್ಯಪುಸ್ತಕ, ಕೈಕಟ್ಟಿ ಕೂರುವ ಶಿಸ್ತಿಗೆ ಬೀಳುತ್ತದೆ. ಅದಕ್ಕೆ ರೂಢಿಯಾದ ಓಡಾಟ ಇಲ್ಲಿ ತುಂಟತನವೆನಿಸುತ್ತದೆ. ಒಂಬತ್ತು-ಹತ್ತು ವರ್ಷದವರಿಗೆ ಏಣಿ ಬೇಡವಾಗಬಹುದು, ಆದರೆ ಗುಂಪಿನ ಹೊಣೆ, ಸರದಿಯ ನಾಯಕತ್ವ, ಬೇಗ ಮುಗಿಸಿದವರಿಗೆ ಮುಂದಿನ ಕೆಲಸ, ಇವು ಬೇಡವಾಗುವುದಿಲ್ಲ. ನಲಿ-ಕಲಿಗೆ ಕೊಟ್ಟಷ್ಟು ಯೋಚನೆಯನ್ನು ಈ ದಾಟುವಿಕೆಗೆ ಕೊಡದಿರುವುದು ವಿನ್ಯಾಸದ ದೋಷವೇ ಹೊರತು ಶಿಕ್ಷಕರದ್ದಲ್ಲ.

ಪ್ರೌಢಶಾಲೆಯ ಮಾತು ಇನ್ನೂ ಬೇರೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದವರಿಗೆ ಸೀಮಿತ, ಎಸ್ಸೆಸ್ಸೆಲ್ಸಿಯ ಒತ್ತಡ ಹೆಚ್ಚುವುದೋ ಅದರ ಬಳಿಕ. ಬೆತ್ತ ಹೋದ ಜಾಗಕ್ಕೆ ಚುಚ್ಚುಮಾತು ಬಂದರೆ ಅದು ಹದಿನೈದರ ಹರೆಯದಲ್ಲಿ ಹೆಚ್ಚು ನಾಟುತ್ತದೆ, ಏಕೆಂದರೆ ಈ ವಯಸ್ಸಿನವರಿಗೆ ಗುರುಗಳ ಮೆಚ್ಚುಗೆಗಿಂತ ಗೆಳೆಯರೆದುರಿನ ಮರ್ಯಾದೆ ದೊಡ್ಡದು. ತಪ್ಪನ್ನು ಎಲ್ಲರೆದುರು ಎತ್ತಾಡದೆ ತರಗತಿ ಮುಗಿದ ಮೇಲೆ ಕರೆದು ಕೇಳುವುದು, ತರಗತಿಯ ನಿಯಮಗಳನ್ನು ಜೂನ್‌ನಲ್ಲೇ ವಿದ್ಯಾರ್ಥಿಗಳೊಂದಿಗೆ ಕೂತು ಗೊತ್ತುಮಾಡುವುದು ಇಲ್ಲಿ ಫಲ ಕೊಡುವ ಕ್ರಮಗಳು. ಹೊರಗೆ ನಿಲ್ಲಿಸುವುದು ಸುಲಭವಾದ ಉಪಾಯ. ಆದರೆ ದ್ರಾಕ್ಷಿ ತೋಟದ ಕೂಲಿ ಮನೆ ಬಾಗಿಲಿಗೇ ಬರುವ ತಿಕೋಟಾದಂಥ ಕಡೆ, ಹಾಗೆ ಹೊರಗೆ ನಿಂತ ಹುಡುಗನಿಗೆ ಶಾಲೆ ಬಿಡಲು ಬೇರೆ ಕಾರಣ ಬೇಕಾಗುವುದಿಲ್ಲ.