ಕ್ರೋಟನ್ನಿನ ಕೆಂಪು ಎಲ್ಲಿ ಹೋಯಿತು?

ಊರಿನ ಶಾಲೆಯ ಬೇಲಿಸಾಲಿನಲ್ಲಿ ಯಾರೂ ನೀರುಣಿಸದ ಕ್ರೋಟನ್ ಕೆಂಡದ ಬಣ್ಣ ಹೊತ್ತು ನಿಂತಿರುತ್ತದೆ. ಅದರದೇ ಒಂದು ರೆಂಬೆ ತಂದು, ಒಳ್ಳೆಯ ಕೆಮ್ಮಣ್ಣು, ಎರೆಗೊಬ್ಬರ ಬೆರೆಸಿದ ಕುಂಡದಲ್ಲಿ ನೆಟ್ಟು, ಬೆಂಗಳೂರಿನ ಮನೆಯ ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟು ನೋಡಿ. ಕೆಲವು ತಿಂಗಳು ಕಳೆದರೆ ಕೆಳಗಿನ ನಾಲ್ಕೆಲೆ ಮಾತ್ರ ಕೆಂಪು, ಮೇಲೆ ಬಂದದ್ದೆಲ್ಲ ಹಸಿರು. ನನ್ನ ಕುಂಡದಲ್ಲಿ ಆದದ್ದೂ ಇದೇ. ರೋಗವೇನೋ ಎಂದು ಬೇವಿನೆಣ್ಣೆ ಸಿಂಪಡಿಸಿದೆ, ಗೊಬ್ಬರ ಹೆಚ್ಚಿಸಿದೆ. ಗಿಡ ಇನ್ನಷ್ಟು ಹಸಿರಾಯಿತು.

ಕೆಂಪು ಎಲೆಯೊಳಗೂ ಪತ್ರಹರಿತ್ತು ಇದ್ದೇ ಇರುತ್ತದೆ. ಅನ್ನ ಬೇಯಿಸುವುದು ಅದೇ. ಕೆಂಪು ಅದರ ಮೇಲೆ ಎಳೆದ ಪರದೆ: ಆಂಥೋಸಯನಿನ್ ಎಂಬ ವರ್ಣದ್ರವ್ಯ, ಜೀವಕೋಶದ ರಸದಲ್ಲಿ ಕರಗಿರುತ್ತದೆ. ನೇರಳೆಹಣ್ಣು ತಿಂದಾಗ ನಾಲಗೆಗೆ ಹತ್ತುವುದು, ಪುನರ್ಪುಳಿ ಪಾನಕಕ್ಕೆ ಬಣ್ಣ ಕೊಡುವುದು, ಬದನೆಕಾಯಿಯ ಸಿಪ್ಪೆಯಲ್ಲಿರುವುದು ಇದೇ ಬಳಗದ ಬಣ್ಣ. (ಕೆಂಪು ಹರಿವೆ, ಬೀಟ್‌ರೂಟಿನದು ಬೇರೆ, ಅದು ಬೀಟಲೈನ್.) ಈ ಪರದೆ ಏಕೆ ಎನ್ನುವುದಕ್ಕೆ ಯುಗಾದಿಯ ಹೊತ್ತಿಗೆ ಮಾವಿನ ಮರದ ಕೆಳಗೆ ನಿಂತರೆ ಸಾಕು. ಮಾವು, ಅಶ್ವತ್ಥ, ದಾಲ್ಚಿನ್ನಿಯ ಚಿಗುರು ತಾಮ್ರದ ಕೆಂಪು. ಕೆಂದಳಿರು ಎಂಬ ಚೆಂದದ ಮಾತೇ ನಮ್ಮಲ್ಲಿದೆ. ಎಳೆಯ ಎಲೆಯ ಹಸಿರು ಇನ್ನೂ ಬಲಿತಿರುವುದಿಲ್ಲ, ಸುರಿಯುವ ಬಿಸಿಲನ್ನೆಲ್ಲ ಬಳಸಿಕೊಳ್ಳಲಾಗದು. ಮಿಕ್ಕ ಬೆಳಕು ಎಲೆಯನ್ನೇ ಹಾಳುಮಾಡೀತು. ಹಾಗಾಗಿ ಕೆಂಪು ಅಡ್ಡ ಬರುತ್ತದೆ. ಹಸಿರು ಬಲಿತ ಮೇಲೆ ಮರ ಪರದೆ ಸರಿಸುತ್ತದೆ.

ಆ ಪರದೆಗೂ ಸಕ್ಕರೆ, ಶಕ್ತಿ ಖರ್ಚಾಗುತ್ತದೆ. ಬಿಸಿಲೇ ಬೀಳದ ಹಾಲ್‌ನಲ್ಲಿ ಗಿಡ ಆ ಖರ್ಚು ಯಾಕೆ ಮಾಡಬೇಕು? ಸಿಕ್ಕಷ್ಟು ಬೆಳಕನ್ನು ಹಿಡಿಯುವುದೇ ಅಲ್ಲಿ ಅದರ ಚಿಂತೆ. ನಮ್ಮ ಕಣ್ಣು ಇಲ್ಲಿ ಬಹಳ ಮೋಸ ಹೋಗುತ್ತದೆ. ಬಯಲಿನ ಮಧ್ಯಾಹ್ನದ ಬೆಳಕು ಸುಮಾರು 1,00,000 ಲಕ್ಸ್. ‘ಒಳ್ಳೆ ಬೆಳಕಿದೆ’ ಎನ್ನುವ ಕೋಣೆಯ ನಡುಭಾಗದಲ್ಲಿ ಅದು ಎಷ್ಟೋ ಸಲ 200 ಕೂಡ ಮುಟ್ಟುವುದಿಲ್ಲ. ಕಿಟಕಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೂ ಗಿಡದ ಪಾಲಿಗೆ ಅದು ಬೇರೆಯೇ ಊರು. ಮೇಲಾಗಿ ಗಾಜು ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ದೊಡ್ಡ ಪಾಲನ್ನು ತಡೆಯುತ್ತದೆ. ಆಂಥೋಸಯನಿನ್ ತಯಾರಿಗೆ ಚುರುಕು ಮುಟ್ಟಿಸುವ ಕಿರಣಗಳಲ್ಲಿ ಅವೂ ಸೇರಿವೆ.

ಇನ್ನು ಗೊಬ್ಬರ. ಸಾರಜನಕ ಹೆಚ್ಚಾದಷ್ಟೂ ಎಲೆ ಹಸಿರಿನ ಕಡೆ ವಾಲುತ್ತದೆ. ವಾರಕ್ಕೊಮ್ಮೆ 19 ಆಲ್ ರಸಗೊಬ್ಬರ ಕರಗಿಸಿ ಹಾಕುವವರು ಬಣ್ಣದ ಗಿಡಗಳ ಮಟ್ಟಿಗಾದರೂ ಕೈ ಬಿಗಿಹಿಡಿಯಬೇಕು. ಹಾಗೆಂದು ಗಿಡವನ್ನು ಉಪವಾಸ ಕೆಡವಿ ಕೆಂಪು ತರಿಸುವುದು ನನಗೆ ಒಪ್ಪಿಗೆಯಿಲ್ಲ. ರಂಜಕ ಸಿಗದ ಮುಸುಕಿನ ಜೋಳದ ಎಲೆಯೂ ನೇರಳೆಗೆಂಪಾಗುತ್ತದೆ. ಅದು ಸಂಕಟದ ಬಣ್ಣ. ಸೆಕೆಯ ರಾತ್ರಿಗಳೂ ಕೆಂಪನ್ನು ತಗ್ಗಿಸುತ್ತವೆ. ಧನುರ್ಮಾಸದ ಚಳಿಯಲ್ಲಿ ನನ್ನ ಮಹಡಿಯ ಕೋಲಿಯಸ್ ಕಾಣುವ ಚೆಲುವು ಏಪ್ರಿಲ್‌ನಲ್ಲಿ ಇರುವುದಿಲ್ಲ.

ಎಲ್ಲ ಗಿಡವನ್ನೂ ಒಂದೇ ರೀತಿ ಓದುವಂತಿಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ. ಎಷ್ಟೋ ಕ್ರೋಟನ್ ತಳಿಗಳಲ್ಲಿ ಎಳೆ ಎಲೆ ಹಸಿರು-ಹಳದಿಯಾಗಿಯೇ ಹುಟ್ಟಿ, ಬಿಸಿಲುಂಡು ಬಲಿಯುತ್ತ ಕೆಂಪೇರುತ್ತದೆ. ತುದಿ ಹಸಿರಿದೆಯೆಂದು ಗಾಬರಿಯಾಗಬೇಕಿಲ್ಲ, ಮೂರನೆಯ ನಾಲ್ಕನೆಯ ಎಲೆವರೆಗೆ ಕಾಯಬೇಕು. ಅಗ್ಲೋನಿಮಾದ್ದು ಮಾವಿನ ದಾರಿ: ಹೊಸ ಎಲೆಯೇ ಅತಿ ಗುಲಾಬಿ, ಹಳತಾದಂತೆ ಮಂಕು. ಅಲ್ಲಿ ತುದಿಯೆಲೆಯೇ ಹಸಿರಾಗಿ ಬಂದರೆ ಬೆಳಕು ಸಾಲದು ಎಂದೇ ಅರ್ಥ. ಅಂದಹಾಗೆ, ನಮ್ಮ ನರ್ಸರಿಗಳಲ್ಲಿ ತುಂಬಿರುವ ಈ ಕೆಂಪು ಅಗ್ಲೋನಿಮಾಗಳ ಹಿಂದೆ ಇಂಡೋನೇಷ್ಯಾದ ಗ್ರೆಗೊರಿ ಹಂಬಾಲಿ ಅವರ ದುಡಿಮೆಯಿದೆ. ಸುಮಾತ್ರಾದ ಕಾಡಿನ ರೊಟುಂಡಮ್ ಎಂಬ ಪ್ರಭೇದದಲ್ಲಿದ್ದ ಕೆಂಪನ್ನು ಅವರು ಸಂಕರದಿಂದ ‘ಪ್ರೈಡ್ ಆಫ್ ಸುಮಾತ್ರಾ’ ತಳಿಗೆ ತಂದರು. ಕಾಡಿನ ನೆಲದ ಗಿಡವಾದ್ದರಿಂದ ಅಗ್ಲೋನಿಮಾಗೆ ಸುಡುಬಿಸಿಲು ಆಗದು. ನೇರ ಬಿಸಿಲಿಲ್ಲದ ಒಳ್ಳೆ ಬೆಳಕು ಬೇಕು.

ಒಂದು ನಷ್ಟ ಮಾತ್ರ ಬೆಳಕಿನಿಂದ ಸರಿಹೋಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನರ್ಸರಿಯೊಂದರಲ್ಲಿ ಪೂರಾ ಗುಲಾಬಿ ಎಲೆಗಳ ‘ಪಿಂಕ್ ಕಾಂಗೊ’ ಫಿಲೋಡೆಂಡ್ರಾನ್ ಕೊಂಡೆ. ವರ್ಷ ತುಂಬುವುದರೊಳಗೆ ಪೂರ್ತಿ ಹಸಿರು. ಆ ಗುಲಾಬಿ ರಾಸಾಯನಿಕ ಉಪಚಾರದಿಂದ ಬರಿಸಿದ್ದು, ಗಿಡದ ವಂಶದಲ್ಲಿ ಇಲ್ಲದ್ದು. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ‘ಪಿಂಕ್ ಪ್ರಿನ್ಸೆಸ್’ ಫಿಲೋಡೆಂಡ್ರಾನ್ ಹಾಗಲ್ಲ; ಅದರ ಕಾಂಡದಲ್ಲಿ ಎರಡು ಬಗೆಯ ಜೀವಕೋಶಗಳು ಜೊತೆಗಿರುತ್ತವೆ. ಗುಲಾಬಿ ಗೆರೆ ತಪ್ಪಿದಾಗ, ಗೆರೆಯಿರುವ ಕೊನೆಯ ಗೆಣ್ಣಿನ ಮೇಲಕ್ಕೆ ಕತ್ತರಿಸಿದರೆ ಅಲ್ಲಿಂದ ಬಣ್ಣದ ಚಿಗುರು ಬರುವ ಸಾಧ್ಯತೆಯಿದೆ.

ಬೆಳಕು ಬೇಕೆಂದು ಕ್ರೋಟನ್ನನ್ನು ಒಮ್ಮೆಲೇ ಬಿಸಿಲಿಗೆ ಎಳೆದರೆ ಎಲೆ ಸುಟ್ಟು ಬಿಳಿಚುತ್ತದೆ, ಉದುರಿಯೂಬಿಡುತ್ತದೆ. ನಾನು ಮೊದಲ ವಾರ ಕಿಟಕಿಯ ಬಳಿ, ಆಮೇಲೆ ಪೂರ್ವದ ಬಾಲ್ಕನಿಯ ಬೆಳಗಿನ ಬಿಸಿಲಿಗೆ, ಮೂರನೆಯ ವಾರ ಮಹಡಿಯ ಮೆಟ್ಟಿಲಿಗೆ ಒಯ್ದೆ. ಹಾಲ್‌ನಲ್ಲಿ ಹುಟ್ಟಿದ ಎಲೆಗಳು ಹೆಚ್ಚೇನೂ ಬದಲಾಗಲಿಲ್ಲ; ಅವನ್ನು ಕೀಳದೆ ಬಿಟ್ಟಿದ್ದೇನೆ, ಗಿಡ ಉಣ್ಣುತ್ತಿರುವುದು ಅವುಗಳಿಂದಲೇ. ಮೆಟ್ಟಿಲ ಮೇಲೆ ಹುಟ್ಟಿದ ಐದು ಎಲೆಗಳಲ್ಲಿ ಮೊದಲನೆಯದರ ನಡುನರದುದ್ದಕ್ಕೂ ನಿನ್ನೆ ಬೆಳಗ್ಗೆ ಒಂದು ಕೆಂಪು ಗೆರೆ ಕಂಡಿತು.