ಮುಚ್ಚಿದ ಬಾಗಿಲ ಮುಂದೆ ಒಬ್ಬ ಭಕ್ತ
(ಪುಸ್ತಕ ವಿಮರ್ಶೆ)

‘ನಾರ್ನಿಯಾ’ ಕಥೆಗಳಿಂದಾಗಿ ಸಿ. ಎಸ್. ಲೂಯಿಸ್ ನಮ್ಮ ಮನೆಗಳ ಮಕ್ಕಳಿಗೆ ಪರಿಚಿತರು. ಆದರೆ ಅವರ ‘ಎ ಗ್ರೀಫ್ ಅಬ್ಸರ್ವ್ಡ್’ (1961) ದೊಡ್ಡವರು ಓದಬೇಕಾದ ಪುಸ್ತಕ. ಗಾತ್ರದಲ್ಲಿ ಚಿಕ್ಕದು, ಓದಲು ಸುಲಭವಲ್ಲ.

ಯೌವನದಲ್ಲಿ ನಾಸ್ತಿಕರಾಗಿದ್ದ ಲೂಯಿಸ್ 1931ರಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದರು. 1940ರಲ್ಲಿ ‘ದಿ ಪ್ರಾಬ್ಲಮ್ ಆಫ್ ಪೇಯ್ನ್’ ಬರೆದು, ಒಳ್ಳೆಯ ದೇವರ ಲೋಕದಲ್ಲಿ ನೋವೇಕೆ ಎಂಬ ಪ್ರಶ್ನೆಗೆ ತರ್ಕಬದ್ಧವಾದ ಉತ್ತರ ಕೊಟ್ಟರು. 1960ರ ಜುಲೈನಲ್ಲಿ ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಆ ಉತ್ತರ ಅವರಿಗೇ ಸಾಲಲಿಲ್ಲ. ಮನೆಯಲ್ಲಿದ್ದ ನಾಲ್ಕು ಖಾಲಿ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡದ್ದೇ ಈ ಪುಸ್ತಕ. ಮೊದಲು ಬಂದದ್ದು ‘ಎನ್. ಡಬ್ಲ್ಯೂ. ಕ್ಲರ್ಕ್’ ಎಂಬ ಗುಪ್ತನಾಮದಲ್ಲಿ. 1963ರಲ್ಲಿ ಅವರು ತೀರಿಕೊಂಡ ನಂತರವೇ ಸ್ವಂತ ಹೆಸರು ಸೇರಿತು.

ಮೊದಲ ಪುಟಗಳಲ್ಲಿ ದೇವರು ಬಾಗಿಲು ಮುಚ್ಚಿ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಾನೆ. ದೇವರಿಲ್ಲ ಎಂಬುದು ಲೂಯಿಸರ ಭಯವಲ್ಲ. ಇದ್ದಾನೆ, ಆದರೆ ಕ್ರೂರಿಯಾಗಿದ್ದರೆ? ಮರುದಿನವೇ ಅವರು, ಹಾಗೆ ಬರೆದದ್ದು ವಿಚಾರವಲ್ಲ, ಬರೀ ಕೂಗು ಎಂದು ತಮ್ಮನ್ನೇ ತಿದ್ದಿಕೊಳ್ಳುತ್ತಾರೆ. ಆದರೂ ಆ ಕೂಗನ್ನು ಹೊಡೆದುಹಾಕದೆ ಉಳಿಸಿದ್ದಾರಲ್ಲ, ಪುಸ್ತಕದ ಪ್ರಾಮಾಣಿಕತೆ ಇರುವುದೇ ಅಲ್ಲಿ.

ಒಂದೇ ಏಟಿಗೆ ಬಿದ್ದ ತಮ್ಮ ನಂಬಿಕೆ ಇಸ್ಪೀಟು ಎಲೆಗಳ ಮನೆಯಾಗಿತ್ತು ಎಂದು ಅವರು ಒಪ್ಪುತ್ತಾರೆ. ದೇವರ ಬಗ್ಗೆ ನಾವು ಕಟ್ಟಿಕೊಂಡ ಕಲ್ಪನೆಯನ್ನು ದೇವರೇ ಮತ್ತೆ ಮತ್ತೆ ಒಡೆಯುತ್ತಾನೆ ಎಂಬಲ್ಲಿಗೆ ಬಂದು ಮುಟ್ಟುತ್ತಾರೆ. ಸ್ಥಾವರ–ಜಂಗಮದ ಮಾತು ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ದೇವರೊಡನೆ ಜಗಳವಾಡುವುದೂ ಹೊಸದಲ್ಲ: ನಮ್ಮ ದಾಸರಲ್ಲಿ ನಿಂದಾಸ್ತುತಿ ಇದೆ, ಬೈಬಲ್ಲಿನಲ್ಲಿ ಯೋಬನಿದ್ದಾನೆ.

ನಮಗೆ ಒಪ್ಪಿಗೆಯಾಗದ ಜಾಗವೂ ಇದೆ. ದೇವರು ಒಳ್ಳೆಯ ಶಸ್ತ್ರವೈದ್ಯ, ರೋಗಿ ಅತ್ತನೆಂದು ಅರ್ಧಕ್ಕೆ ಕತ್ತಿ ಕೆಳಗಿಡುವುದಿಲ್ಲ ಎಂಬ ವಾದ ಮೂರನೆಯ ಭಾಗದಲ್ಲಿ ಬರುತ್ತದೆ. ಇದು 1940ರ ಲೂಯಿಸರ ಧ್ವನಿ. ಗಾಯ ಇನ್ನೂ ಹಸಿಯಾಗಿರುವಾಗ ಈ ಜಾಣ ಉಪಮೆ ನಮಗೆ ಸಮಾಧಾನ ಕೊಡಲಿಲ್ಲ. ಕೊನೆಯ ಭಾಗ ಹೆಚ್ಚು ಗಟ್ಟಿ. ಅಲ್ಲಿ ಉತ್ತರ ಸಿಗುವುದಿಲ್ಲ, ಆದರೆ ಬಾಗಿಲಿಗೆ ಅಗುಳಿ ಹಾಕಿದಂತೆ ಕಾಣುವುದೂ ಇಲ್ಲ. ನಂಬಿಕೆ ಮರಳುತ್ತದೆ, ಮೊದಲಿದ್ದ ಗತ್ತಿನಿಂದಲ್ಲ, ತಗ್ಗಿದ ದನಿಯಲ್ಲಿ.

ಪರದೇಶದಲ್ಲಿರುವ ನಮಗೆ ಈ ಪುಸ್ತಕ ಏಕೆ ಬೇಕು? ಸರಿರಾತ್ರಿ ಊರಿನಿಂದ ಫೋನ್ ಬರುತ್ತದೆ. ಟಿಕೆಟ್ ಸಿಕ್ಕಿ ಹೊರಡುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿರುತ್ತದೆ. ಸಮಾಧಾನ ಹೇಳಲು ಹೋದ ನಾವು ‘ದೇವರ ಇಚ್ಛೆ’ ಎಂದು ಕೈ ತೊಳೆದುಕೊಳ್ಳುತ್ತೇವೆ. ಧರ್ಮದ ಸತ್ಯದ ಬಗ್ಗೆ ಮಾತಾಡಿ, ಕೇಳುತ್ತೇನೆ. ಸಾಂತ್ವನದ ಮಾತು ಬೇಡ ಎನ್ನುವ ಲೂಯಿಸ್, ದುಃಖಿತರ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನಮಗೆ ಕಲಿಸಬಲ್ಲರು.

ಚರ್ಚಿಗೆ ಹೋಗುವವರೂ ದೇವಸ್ಥಾನಕ್ಕೆ ಹೋಗುವವರೂ ಎಲ್ಲಿಗೂ ಹೋಗದವರೂ ಓದಬಹುದಾದ ಪುಸ್ತಕವಿದು. ಒಂದೇ ಸಲಕ್ಕೆ ಮುಗಿಸಬೇಡಿ. ದಿನಕ್ಕೊಂದು ಭಾಗ ಸಾಕು.