ಗೀತಪ್ರಿಯ ಶ್ರೋತೃವೂ ಬಾನುಲಿಯ ಸಾಕ್ಷ್ಯರೂಪಕವೂ

ಹಾಡಿಗಾಗಿ ಬಾನುಲಿಯನ್ನು ತೆರೆದವನಿಗೆ ಮಾತನ್ನು ಕೇಳಿಸುವುದು ಹೇಗೆ? ಬಾನುಲಿಯ ಕಲೆಯನ್ನು ಕುರಿತು ಚಿಂತಿಸುವವರಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಂತಹ ಊರುಗಳಲ್ಲಿ ಅದಕ್ಕೆ ಬೇರೊಂದು ತೂಕ ಬಂದಿದೆ. ಇಲ್ಲಿಯ ಕನ್ನಡ ಮನೆಗಳ ಮೂರನೆಯ ತಲೆಮಾರಿನವರಲ್ಲಿ ಅನೇಕರು ಕನ್ನಡವನ್ನು ಕೇಳಿ ತಿಳಿಯಬಲ್ಲರು, ತಕ್ಕಮಟ್ಟಿಗೆ ಆಡಲೂ ಬಲ್ಲರು, ಓದಲಾರರು. ಶಾಲೆಯಲ್ಲಿ ಅವರು ಕಲಿತದ್ದು ಇಂಗ್ಲಿಷು, ಹಿಂದಿ, ಮರಾಠಿ. ಅಂಥವರಿಗೆ ಕನ್ನಡ ಪುಸ್ತಕದ ಬಾಗಿಲು ಮುಚ್ಚಿದೆ. ಕಿವಿಯ ಬಾಗಿಲು ಮಾತ್ರ ತೆರೆದಿದೆ. ಆ ಕಿವಿಯಲ್ಲಾದರೋ ಹೊತ್ತೆಲ್ಲ ಹಾಡು ತುಂಬಿರುತ್ತದೆ. ಆದುದರಿಂದ ಗೀತಪ್ರಧಾನವಾದ ನಿಲಯದ ಎಳೆಯ ಶ್ರೋತೃಗಳಿಗಾಗಿ ಸಾಕ್ಷ್ಯರೂಪಕವನ್ನು ಯೋಜಿಸಿ, ಅದರ ಪ್ರಸ್ತಾವವನ್ನು ನಿಲಯದ ಮುಂದಿಡುವ ವಿಚಾರವು ಕೇವಲ ಬಾನುಲಿಯವರ ಒಳವ್ಯವಹಾರವಲ್ಲ. ಕಿವಿಯಲ್ಲಿ ಮಾತ್ರ ಉಳಿದಿರುವ ಒಂದು ಭಾಷೆಗೂ ಸಂಬಂಧಿಸಿದ ವಿಚಾರ.

ಸಾಕ್ಷ್ಯರೂಪಕವೆಂದರೆ ಭಾಷಣವಲ್ಲ, ನಾಟಕವಲ್ಲ, ಸುದ್ದಿಯೂ ಅಲ್ಲ. ನಡೆದ ಸಂಗತಿಯನ್ನು, ಅದನ್ನು ಬಾಳಿದವರ ದನಿಯಲ್ಲಿಯೇ, ಅದು ನಡೆದ ಸ್ಥಳದ ಸದ್ದಿನೊಡನೆ ಹೆಣೆದು ಒಂದು ಅರ್ಥಕ್ಕೆ ತರುವ ರಚನೆ ಅದು. ‘ಎಳೆಯರಿಗೆ ಹಾಡೊಂದು ಸಾಕು, ಮಾತು ಬೇಡ’ ಎಂಬ ಆಕ್ಷೇಪ ಇದಕ್ಕೆ ಮೊದಲಿನಿಂದಲೂ ಇದೆ. ಬಾನುಲಿಯ ಇತಿಹಾಸವೇ ಈ ಆಕ್ಷೇಪವನ್ನು ಅಲ್ಲಗಳೆಯುತ್ತದೆ. ೧೯೫೨ರಲ್ಲಿ ಬಿ. ವಿ. ಕೇಸ್ಕರರು ಮಂತ್ರಿಗಳಾಗಿದ್ದಾಗ ಆಕಾಶವಾಣಿಯಲ್ಲಿ ಚಿತ್ರಗೀತೆಗೆ ಎಡೆ ಕಡಿಮೆಯಾಯಿತು. ಅದೇ ವರ್ಷದ ಕೊನೆಯಲ್ಲಿ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ದೇಶದ ತರುಣರು ಅದಕ್ಕೆ ಕಾದು ಕುಳಿತದ್ದು ಹಾಡಿಗಾಗಿ, ನಿಜ. ಆದರೆ ಎರಡು ಹಾಡುಗಳ ನಡುವಣ ಮಾತನ್ನೂ ಅವರು ಹಾಡಿನಷ್ಟೇ ಪ್ರೀತಿಯಿಂದ ನೆನಪಿಟ್ಟುಕೊಂಡರು. ೧೯೫೭ರ ಅಕ್ಟೋಬರ್ ೩ರಂದು ಆರಂಭವಾದ ವಿವಿಧ ಭಾರತಿಯೂ ಸೈನಿಕರಿಗಾಗಿ ನಡೆಸಿದ ‘ಜಯಮಾಲಾ’ ಕಾರ್ಯಕ್ರಮದಲ್ಲಿ ಹಾಡಿನೊಡನೆ ಆತ್ಮೀಯವಾದ ಮಾತನ್ನು ಬೆಸೆಯಿತು. ತರುಣರು ಒಲ್ಲೆನೆನ್ನುವುದು ಮಾತನ್ನಲ್ಲ. ತಮ್ಮನ್ನು ಕುರಿತು ಆಡದ ಮಾತನ್ನು, ಮೇಲಿನಿಂದ ಆಡಿದ ಮಾತನ್ನು.

ಹಾಡೂ ಸಾಕ್ಷ್ಯವೂ ಒಂದೇ ಮೈಯಾಗಬಲ್ಲುವೆಂಬುದಕ್ಕೆ ಲೋಕದ ಬಾನುಲಿಯಲ್ಲಿ ಮೇಲ್ಪಂಕ್ತಿಯೊಂದಿದೆ. ೧೯೫೭ರ ಫೆಬ್ರವರಿ ೯ರಂದು ಇಂಗ್ಲೆಂಡಿನ ಸರಕುಬಂಡಿಯೊಂದರ ಎಂಜಿನಿನಲ್ಲಿ ಬ್ರೇಕಿನ ಆವಿಯ ಕೊಳವೆ ಒಡೆದು, ಚಾಲಕನ ಕೋಣೆಯನ್ನು ಕುದಿವ ಆವಿ ತುಂಬಿತು. ಚಾಲಕ ಜಾನ್ ಆಕ್ಸನ್ ತನ್ನ ಜೊತೆಗಾರನನ್ನು ಕೆಳಗೆ ಹಾರುವಂತೆ ಹೇಳಿ, ತಾನು ಎಂಜಿನನ್ನು ಬಿಡದೆ ಇಳಿಜಾರಿನಲ್ಲಿ ಬಂಡಿಯನ್ನು ತಡೆಯಲು ಹೆಣಗಿ, ಅಪಘಾತದಲ್ಲಿ ಮಡಿದನು. ಇದನ್ನು ಕುರಿತು ಈವನ್ ಮೆಕಾಲ್, ಪೆಗ್ಗಿ ಸೀಗರ್, ಚಾರ್ಲ್ಸ್ ಪಾರ್ಕರ್ ಇವರು ರಚಿಸಿದ ‘ದ ಬ್ಯಾಲಡ್ ಆಫ್ ಜಾನ್ ಆಕ್ಸನ್’ ೧೯೫೮ರ ಜುಲೈ ೨ರಂದು ಬಿ.ಬಿ.ಸಿ.ಯಿಂದ ಪ್ರಸಾರವಾಯಿತು. ರೈಲ್ವೆ ಕೆಲಸಗಾರರ ಮಾತನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಆಧರಿಸಿ ನಟರಿಗಾಗಿ ಬರೆಯುವುದೇ ಅಂದಿನ ಬಾನುಲಿಯ ವಾಡಿಕೆ. ಮುದ್ರಿಸಿದ ದನಿಗಳನ್ನು ಕೇಳಿದ ಮೇಲೆ, ಯಾವ ನಟನೂ ಅವುಗಳ ಸತ್ತ್ವವನ್ನು ತರಲಾರನೆಂದು ಮೆಕಾಲ್ ಮನಗಂಡರು. ಆ ಕೆಲಸಗಾರರ ದನಿಗಳೇ ರೂಪಕದ ಗದ್ಯವಾದುವು; ಅವರ ನುಡಿಗಟ್ಟಿನಿಂದಲೇ ಹಾಡುಗಳು ಹುಟ್ಟಿದುವು. ಈ ಮಾಲೆಯಲ್ಲಿ ೧೯೬೪ರ ವರೆಗೆ ಎಂಟು ರೂಪಕಗಳು ಬಂದುವು. ಹೆರಿಂಗ್ ಮೀನುಗಾರರನ್ನು ಕುರಿತ ‘ಸಿಂಗಿಂಗ್ ದ ಫಿಶಿಂಗ್’ ೧೯೬೦ರಲ್ಲಿ ಇಟಲಿಯ ಪ್ರಿ ಇಟಾಲಿಯಾ ಪ್ರಶಸ್ತಿಯನ್ನು ಪಡೆಯಿತು. ಅದರ ಜೀವಾಳ ಎಂಬತ್ತು ದಾಟಿದ ಮೀನುಗಾರ ಸ್ಯಾಮ್ ಲಾರ್ನರನ ದನಿ. ೧೯೬೩ರ ‘ಆನ್ ದ ಎಡ್ಜ್’ ಹದಿಹರೆಯದವರನ್ನೇ ಕುರಿತದ್ದು.

ಈ ಮಾಲೆಯ ಗುಣವನ್ನು ಹೊಗಳಿದಷ್ಟೇ ಅದರ ಅಪಾಯವನ್ನೂ ಗುರುತಿಸಬೇಕು. ಬಾಳಿದವನೇ ಬಾಯಿಬಿಟ್ಟು ಹೇಳಿದ್ದನ್ನು ಹಾಡು ಮತ್ತೆ ಹೇಳತೊಡಗಿದರೆ ಅದು ಪುನರುಕ್ತಿದೋಷ. ಕೇಳುವವನು ಏನನ್ನು ಭಾವಿಸಬೇಕೆಂದು ಹಾಡೇ ಕಟ್ಟಪ್ಪಣೆ ಮಾಡಿದರಂತೂ ಸಾಕ್ಷ್ಯವು ಸಾಯುತ್ತದೆ. ಎಳೆಯ ಶ್ರೋತೃ ಈ ಬಲವಂತವನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿಯುತ್ತಾನೆ. ಕಂಡುಹಿಡಿದೊಡನೆ ಬೇರೊಂದು ನಿಲಯಕ್ಕೆ ಹೋಗುತ್ತಾನೆ.

ಹಾಡಿಗೂ ಮಾತಿಗೂ ಇರಬೇಕಾದ ನಂಟನ್ನು ಅರಿಯಲು ಕನ್ನಡಿಗರು ಇಂಗ್ಲೆಂಡಿನ ವರೆಗೆ ಹೋಗಬೇಕಾದುದಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಕಿವಿಗಾಗಿಯೇ ಹುಟ್ಟಿದ ಕಲೆ ಅದು. ಭಾಗವತರು ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಯು ಅದನ್ನು ಹಿಡಿದು ಮಾತು ಕಟ್ಟುತ್ತಾನೆ. ಒಳ್ಳೆಯ ಅರ್ಥಧಾರಿ ಪದ್ಯವನ್ನು ಗದ್ಯವಾಗಿ ಮರಳಿ ಹೇಳುವುದಿಲ್ಲ. ಪದ್ಯವು ಹೇಳದೆ ಬಿಟ್ಟಲ್ಲಿಂದ ಹೊರಡುತ್ತಾನೆ. ಗಮಕದಲ್ಲಿಯೂ ಹೀಗೆಯೇ: ವಾಚಕನು ಹಾಡಿದುದನ್ನು ವ್ಯಾಖ್ಯಾನಕಾರನು ಬೆಳೆಸುತ್ತಾನೆ. ಕುಮಾರವ್ಯಾಸನ ಭಾರತವು ಅಕ್ಷರ ಬಾರದವರ ಮನೆಮನೆಗೂ ಮುಟ್ಟಿದ್ದು ಈ ಮಾರ್ಗದಿಂದ. ಓದನ್ನು ಕಟ್ಟುನಿಟ್ಟಾಗಿ ಕಲಿಯದಿದ್ದರೂ ಕನ್ನಡ ಜನರು ಕಾವ್ಯದಲ್ಲಿ ನುರಿತವರೆಂದು ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತಷ್ಟೆ. ಲಿಪಿಯನ್ನು ಕಳೆದುಕೊಂಡು ಕಿವಿಯನ್ನು ಉಳಿಸಿಕೊಂಡಿರುವ ಡೊಂಬಿವಲಿಯ ತರುಣನಿಗೆ ಆ ಮಾತು ಇನ್ನೂ ಸಲ್ಲುತ್ತದೆ. ಮುಂಬಯಿಯ ಕರಾವಳಿ ಕನ್ನಡಿಗರಲ್ಲಿ ತಾಳಮದ್ದಳೆ ಇಂದಿಗೂ ಜೀವಂತವಾಗಿರುವುದರಿಂದ, ಈ ಮಾದರಿ ಅವನ ಮನೆಗೆ ಪರಕೀಯವೂ ಅಲ್ಲ.

ಇನ್ನು ಪ್ರಸ್ತಾವದ ಮಾತು. ನಿಲಯಕ್ಕೆ ಸಲ್ಲಿಸುವ ಪ್ರಸ್ತಾವವು ಒಂದು ಬಗೆಯ ಸಾಲದ ಅರ್ಜಿ. ಅದು ಬೇಡುವುದು ಹಣವೊಂದನ್ನೇ ಅಲ್ಲ. ಅಪರಿಚಿತನೊಬ್ಬನ ಅರ್ಧ ಗಂಟೆಯನ್ನು. ಉದ್ದೇಶ ಉದಾತ್ತವಾಗಿದೆಯೆಂಬ ಕಾರಣಕ್ಕಾಗಿ ಯಾರೂ ಸಾಲ ಕೊಡುವುದಿಲ್ಲ, ಜಾಮೀನು ಬೇಕು. ಸಾಕ್ಷ್ಯರೂಪಕದ ಜಾಮೀನೆಂದರೆ ಒಬ್ಬ ವ್ಯಕ್ತಿ, ಒಂದು ಸದ್ದು, ಒಂದು ಬಗೆಹರಿಯದ ಪ್ರಶ್ನೆ. ‘ಮುಂಬಯಿಯ ಉಪನಗರಗಳ ಕನ್ನಡಿಗರ ಸಾಂಸ್ಕೃತಿಕ ಬದುಕು’ ಎಂಬ ಪ್ರಸ್ತಾವದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅದು ವಿಷಯವಷ್ಟೆ, ಕಥೆಯಲ್ಲ. ಅದರ ಬದಲು ಹೀಗೆ ಭಾವಿಸಬಹುದು: ಡೊಂಬಿವಲಿಯ ಕಾಲೇಜು ಹುಡುಗಿಯೊಬ್ಬಳಿಗೆ ತೀರಿಹೋದ ಅಜ್ಜನ ಪೆಟ್ಟಿಗೆಯಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳು ಸಿಗುತ್ತವೆ. ಮೇಲಿನ ಬರಹವನ್ನು ಅವಳು ಓದಲಾರಳು. ಒಳಗಿನ ದನಿ ಅವಳಿಗೆ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಕೇಳುತ್ತ ಅವಳು ಅಜ್ಜನ ಗೆಳೆಯರ ಬಳಿಗೆ ಹೊರಡುತ್ತಾಳೆ. ಇಲ್ಲಿ ವ್ಯಕ್ತಿಯಿದ್ದಾಳೆ, ಸದ್ದಿದೆ, ಪ್ರಶ್ನೆಯಿದೆ. ಚೆಂಡೆಯ ಪೆಟ್ಟಿನಿಂದ ತೊಡಗುವ ಈ ರೂಪಕವು ಗೀತನಿಲಯದ ಶ್ರೋತೃವಿಗೆ ಮೊದಲ ಅರ್ಧ ನಿಮಿಷದಲ್ಲಿಯೇ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ. ಅವಳ ಮಾತಿನಲ್ಲಿ ಹಿಂದಿ, ಮರಾಠಿ, ತುಳು, ಕನ್ನಡ ಬೆರೆತು ಬಂದರೆ ಅದನ್ನು ತಿದ್ದಬಾರದು. ಆ ಬೆರಕೆಯೇ ಅವಳ ಸಾಕ್ಷ್ಯ.

ಇಂತಹ ವಸ್ತುವಿಗೆ ಈ ಪ್ರದೇಶದಲ್ಲಿ ಬರವಿಲ್ಲ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಠಾಣೆಯಲ್ಲಿ. ಕಲ್ಯಾಣದ ಲೋಕಲ್ ಬಂಡಿಗಳಲ್ಲಿ ತಾಳ ಹಿಡಿದು ಹಾಡುವ ಭಜನೆಯ ತಂಡಗಳುಂಟು. ಹಾಡಿನ ನಿಲಯವೇ ಅಲ್ಲಿ ಹಳಿಗಳ ಮೇಲೆ ಓಡುತ್ತದೆ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾದ ಮೇಲೆ ಠಾಣೆ, ಪನವೇಲಗಳಿಂದ ಮಂಗಳೂರಿಗೆ ನೇರ ದಾರಿಯಾಗಿ, ಊರೆಂಬ ಮಾತಿನ ಅರ್ಥವೇ ಬದಲಾಯಿತು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರಲ್ಲಿ ಹಲವರು ಇಂದು ಅಜ್ಜಂದಿರಾಗಿದ್ದಾರೆ. ೧೯೦೨ರಲ್ಲಿಯೇ ಮುಂಬಯಿಯಲ್ಲಿ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡ ಮೊಗವೀರರ ಕಡಲ ನೆನಪುಗಳು ಸ್ಯಾಮ್ ಲಾರ್ನರನ ನೆನಪುಗಳಿಗೆ ಯಾವ ವಿಧದಲ್ಲಿಯೂ ಕಡಿಮೆಯಾಗಲಾರವು. ಆದರೆ ಇವು ಮುದ್ರಿತವಾಗದೆ ಹೋಗುತ್ತಿರುವ ದನಿಗಳು. ವಯಸ್ಸು ಯಾರಿಗಾಗಿಯೂ ಕಾಯುವುದಿಲ್ಲ.

ಪ್ರಸ್ತಾವವನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನೂ ಅರಿತಿರಬೇಕು. ೨೦೦೧ರ ಜುಲೈಯಲ್ಲಿ ಬೆಂಗಳೂರಿನ ರೇಡಿಯೋ ಸಿಟಿಯಿಂದ ದೇಶದಲ್ಲಿ ಖಾಸಗಿ ಎಫ್.ಎಂ. ಪ್ರಸಾರ ಮೊದಲಾಯಿತು. ೨೦೧೧ರ ನಿಯಮಾವಳಿಯು ಈ ನಿಲಯಗಳಿಗೆ ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಮರುಪ್ರಸಾರ ಮಾಡಲು ಅವಕಾಶವಿತ್ತಿತೇ ಹೊರತು ಸ್ವಂತ ಸುದ್ದಿಗೆ ಎಡೆ ಕೊಡಲಿಲ್ಲ. ಆದ್ದರಿಂದ ದಿನದ ವಿವಾದವನ್ನು ಅವಲಂಬಿಸಿದ ಪ್ರಸ್ತಾವ ಅಲ್ಲಿ ನಿಲ್ಲದು. ಬದುಕನ್ನು ಅವಲಂಬಿಸಿದುದು ನಿಲ್ಲಬಹುದು. ಜಾಹೀರಾತಿನ ಆದಾಯದಿಂದ ನಡೆಯುವ ನಿಲಯವು ಅರ್ಧ ಗಂಟೆಯನ್ನು ಒಮ್ಮೆಗೇ ಬಿಟ್ಟುಕೊಡಲು ಹಿಂಜರಿದರೆ, ಐದೈದು ನಿಮಿಷದ ಕಂತುಗಳಾಗಿ ಹಾಡುಗಳ ನಡುವೆ ಅದನ್ನು ಹಂಚುವ ಉಪಾಯವನ್ನು ಪ್ರಸ್ತಾವವೇ ಸೂಚಿಸಬೇಕು. ಪ್ರತಿಯೊಂದು ಕಂತೂ ತನ್ನಷ್ಟಕ್ಕೆ ನಿಲ್ಲಬೇಕು, ಮುಂದಿನದಕ್ಕೆ ಹಸಿವನ್ನೂ ಹುಟ್ಟಿಸಬೇಕು. ೨೦೦೬ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ದೊರೆಯುತ್ತಿದೆ. ಅದಕ್ಕೂ ಮುನ್ನವೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ತಂತಿಯ ಮೂಲಕ ಹಳ್ಳಿಯ ದನಿಯನ್ನು ಹಳ್ಳಿಗೆ ಕೇಳಿಸಿದ್ದರು. ಅಂತರ್ಜಾಲದ ಪಾಡ್‌ಕಾಸ್ಟಿಗಂತೂ ಪರವಾನಗಿಯ ಅಗತ್ಯವೇ ಇಲ್ಲ. ಇಷ್ಟು ದಾರಿಗಳಿರುವಲ್ಲಿ ಕೊರತೆಯೆಂದರೆ ನಿಲಯದ್ದಲ್ಲ, ಸಿದ್ಧತೆಯದು.

ಕನ್ನಡ ಸಂಘಗಳು ಪುಸ್ತಕ ಪ್ರಕಟಣೆಗೆ, ಸನ್ಮಾನಕ್ಕೆ ವ್ಯಯಿಸುವ ಶ್ರಮದಲ್ಲಿ ಒಂದು ಪಾಲನ್ನು ದನಿಗಳ ಸಂಗ್ರಹಕ್ಕೆ ಮೀಸಲಿಟ್ಟರೆ, ಆ ಸಂಗ್ರಹದಿಂದ ಹತ್ತು ಪ್ರಸ್ತಾವಗಳು ತಾವಾಗಿ ಹುಟ್ಟುತ್ತವೆ. ಆದರೆ ಅದನ್ನು ಕೇಳಬೇಕಾದ ತರುಣರೇ ಮುದ್ರಣಯಂತ್ರವನ್ನು ಹಿಡಿದು ಹಿರಿಯರ ಮುಂದೆ ಕುಳಿತುಕೊಳ್ಳಬೇಕು. ಪ್ರಶ್ನೆ ಕೇಳಿದವನು ಉತ್ತರವನ್ನು ಕೇಳದಿರಲಾರ. ಭಾಷೆಯನ್ನು ಉಳಿಸಿರೆಂದು ಎಳೆಯರಿಗೆ ಉಪದೇಶಿಸುವುದಕ್ಕಿಂತ, ಅವರ ಕಿವಿಗೆ ಯೋಗ್ಯವಾದುದೊಂದನ್ನು ಅವರ ಕೈಯಿಂದಲೇ ಮಾಡಿಸುವುದು ಮೇಲು.